ಕಡಲ ಶಾಸನವೂ ಕೆರೆಯ ಕೋಡಿಯೂ

೧

ಸಮುದ್ರದ ಕಾನೂನನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯು ೧೯೮೨ನೆಯ ಇಸವಿ ಡಿಸೆಂಬರ್ ೧೦ರಂದು ಜಮೈಕಾ ದ್ವೀಪದ ಮಾಂಟೆಗೊ ಬೇ ಪಟ್ಟಣದಲ್ಲಿ ಸಹಿಗಾಗಿ ತೆರೆಯಲ್ಪಟ್ಟು, ೧೯೯೪ರ ನವೆಂಬರ್ ೧೬ರಂದು ಜಾರಿಗೆ ಬಂದಿತು. ಭಾರತವು ೧೯೯೫ರ ಜೂನ್ ೨೯ರಂದು ಅದನ್ನು ಅನುಮೋದಿಸಿತು. ೩೨೦ ವಿಧಿಗಳುಳ್ಳ ಈ ಮಹಾಶಾಸನದ ಹನ್ನೆರಡನೆಯ ಭಾಗವು ಸಮುದ್ರ ಪರಿಸರದ ರಕ್ಷಣೆಗೆ ಮೀಸಲಾದುದು. ಅದರಲ್ಲಿಯೂ ೨೦೭ನೆಯ ವಿಧಿಯು ನೆಲದಿಂದ ಕಡಲಿಗೆ ಸೇರುವ ಮಾಲಿನ್ಯವನ್ನು ಕುರಿತದ್ದಾಗಿದೆ. ಕಡಲಿನ ಮಾಲಿನ್ಯದಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನೆಲದಿಂದಲೇ ಬರುವುದೆಂದು ವಿಶ್ವಸಂಸ್ಥೆಯ ಪ್ರಕಟಣೆಗಳಲ್ಲಿ ಹೇಳುವುದು ವಾಡಿಕೆ. ಹೀಗಿರುವಲ್ಲಿ, ಇಡೀ ಭಾಗದಲ್ಲಿ ಅತ್ಯಂತ ಭಾರವಾದ ಹೊರೆಯನ್ನು ಹೊರಬೇಕಾದ ವಿಧಿ ಇದೇ ಎಂಬುದು ಸ್ಪಷ್ಟವಾಗಿದೆ. ಆದರೆ ಅದರ ಮಾತಿನ ಬಲವು ಅದರ ಹೊರೆಗೆ ತಕ್ಕಂತೆ ಇದೆಯೇ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಮುಂಬಯಿ, ಮದರಾಸು, ಮಂಗಳೂರುಗಳಂತಹ ಕರಾವಳಿಯ ಪಟ್ಟಣಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದುಂಟು. ಕಡಲನ್ನು ಕಾಣದ ಊರುಗಳಿಗೆ ಈ ಶಾಸನದ ಗೊಡವೆ ಇಲ್ಲವೆಂಬ ಭಾವನೆಯೂ ಅದರೊಡನೆಯೇ ಬೆಳೆದುಬಂದಿದೆ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರು ಈ ಭಾವನೆಗೆ ಒಳ್ಳೆಯ ನಿದರ್ಶನ. ಆದರೆ ಶಾಸನದ ಗುಣದೋಷಗಳು ಚೆನ್ನಾಗಿ ತಿಳಿದುಬರುವುದು ಅದು ಸುಲಭವಾಗಿ ಅನ್ವಯಿಸುವ ಸ್ಥಳದಲ್ಲಿ ಅಲ್ಲ. ಅದರ ತೋಳು ಮುಟ್ಟುವುದೋ ಇಲ್ಲವೋ ಎಂದು ಸಂದೇಹ ಬರುವ ಸ್ಥಳದಲ್ಲಿ. ಆದುದರಿಂದ ಈ ವಿಧಿಯನ್ನು ದಂಡುಪ್ರದೇಶದ ಹಲಸೂರು ಕೆರೆಯ ಏರಿಯ ಮೇಲಿಂದ ಓದಿ ಪರೀಕ್ಷಿಸುವುದು ಪ್ರಕೃತ ವಿಮರ್ಶೆಯ ಉದ್ದೇಶ.

೨

ಮೊದಲು ವಿಧಿಯ ಮಾತುಗಳನ್ನು ನೋಡತಕ್ಕದ್ದು. ೨೦೭ನೆಯ ವಿಧಿಯ ಮೊದಲನೆಯ ಖಂಡವು, ನದಿಗಳು, ಅಳಿವೆಗಳು, ಕೊಳವೆಮಾರ್ಗಗಳು, ಹೊರಗಂಡಿಗಳು ಇವೇ ಮೊದಲಾದ ನೆಲದ ಮೂಲಗಳಿಂದ ಆಗುವ ಮಾಲಿನ್ಯವನ್ನು ತಡೆಯಲು, ತಗ್ಗಿಸಲು ಮತ್ತು ಹತೋಟಿಯಲ್ಲಿಡಲು ಪ್ರತಿಯೊಂದು ರಾಷ್ಟ್ರವೂ ಕಾನೂನುಗಳನ್ನು ಮಾಡತಕ್ಕದ್ದೆಂದು ವಿಧಿಸುತ್ತದೆ. ಹಾಗೆ ಮಾಡುವಾಗ ಅಂತರರಾಷ್ಟ್ರೀಯವಾಗಿ ಒಪ್ಪಿಗೆಯಾದ ನಿಯಮಗಳನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕೆಂದು ಹೇಳುತ್ತದೆ. ನಾಲ್ಕನೆಯ ಖಂಡದಲ್ಲಿ ಅಂತಹ ಜಾಗತಿಕ ನಿಯಮಗಳನ್ನು ಸ್ಥಾಪಿಸಲು ರಾಷ್ಟ್ರಗಳು ಪ್ರಯತ್ನಿಸತಕ್ಕದ್ದೆಂದೂ, ಆಗ ಆಯಾ ಪ್ರಾಂತದ ವಿಶೇಷಗಳನ್ನೂ ಅಭಿವೃದ್ಧಿಶೀಲ ರಾಷ್ಟ್ರಗಳ ಆರ್ಥಿಕ ಶಕ್ತಿಯನ್ನೂ ಗಮನಿಸತಕ್ಕದ್ದೆಂದೂ ಇದೆ.

ಇದರ ಪಕ್ಕದಲ್ಲಿಯೇ ಇರುವ ಎರಡು ವಿಧಿಗಳೊಡನೆ ಹೋಲಿಸಿದರೆ ಭೇದವು ತಾನಾಗಿ ಹೊಳೆಯುತ್ತದೆ. ಕಸವನ್ನು ಒಯ್ದು ಸಮುದ್ರದಲ್ಲಿ ಸುರಿಯುವುದನ್ನು ಕುರಿತ ೨೧೦ನೆಯ ವಿಧಿಯಲ್ಲಿ, ರಾಷ್ಟ್ರದ ಕಾನೂನು ಜಾಗತಿಕ ನಿಯಮಗಳಿಗಿಂತ ಕಡಮೆ ಪರಿಣಾಮಕಾರಿಯಾಗಿರಕೂಡದು. ಹಡಗುಗಳನ್ನು ಕುರಿತ ೨೧೧ನೆಯ ವಿಧಿಯಲ್ಲಿ, ತನ್ನ ಧ್ವಜ ಹಾರಿಸುವ ಹಡಗಿಗೆ ರಾಷ್ಟ್ರವು ಮಾಡುವ ಕಾನೂನಿನ ಪರಿಣಾಮವು ಅಂತರರಾಷ್ಟ್ರೀಯ ನಿಯಮದ ಪರಿಣಾಮಕ್ಕೆ ಸಮವಾದರೂ ಆಗಿರಬೇಕು. ಎರಡರಲ್ಲಿಯೂ ಒಂದು ಕನಿಷ್ಠ ಮಟ್ಟವುಂಟು. ಅದಕ್ಕಿಂತ ಕೆಳಗಿಳಿಯುವುದು ತಪ್ಪು. ನೆಲದ ಮಾಲಿನ್ಯಕ್ಕೆ ಬಂದಾಗ ಆ ಮಟ್ಟವು ಮಾಯವಾಗಿ ಲಕ್ಷ್ಯದಲ್ಲಿಡುವುದು ಮಾತ್ರ ಉಳಿಯುತ್ತದೆ. ಲಕ್ಷ್ಯದಲ್ಲಿಟ್ಟ ವಸ್ತುವನ್ನು ನೋಡಿ ಪಕ್ಕಕ್ಕೆ ಸರಿಸುವುದಕ್ಕೂ ಅವಕಾಶವುಂಟೆಂದು ವಾದಿಸುವವರಿಗೆ ಈ ಮಾತು ಅಡ್ಡಬರುವುದಿಲ್ಲ.

ಜಾರಿಯ ವಿಷಯದಲ್ಲಿಯೂ ಇದೇ ರೀತಿ. ಹಡಗಿಗೆ ಮೂರು ಕಾವಲುಗಳುಂಟು: ಧ್ವಜದ ರಾಷ್ಟ್ರ, ಬಂದರಿನ ರಾಷ್ಟ್ರ, ಕರಾವಳಿಯ ರಾಷ್ಟ್ರ. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಹಿಡಿಯಬಹುದು. ನೆಲದ ಮಾಲಿನ್ಯಕ್ಕೆ ಸಂಬಂಧಿಸಿದ ೨೧೩ನೆಯ ವಿಧಿಯು ಕಾವಲನ್ನು ಮಾಲಿನ್ಯ ಹುಟ್ಟಿದ ರಾಷ್ಟ್ರದ ಕೈಯಲ್ಲಿಯೇ ಇಟ್ಟಿದೆ. ತಪ್ಪು ಮಾಡಿದವನೂ ಅದನ್ನು ವಿಚಾರಿಸತಕ್ಕವನೂ ಇಲ್ಲಿ ಒಬ್ಬನೇ ಆಗುವ ಸಂಭವವಿದೆ.

ಈ ಭೇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹಡಗು ಎಲ್ಲರಿಗೂ ಸೇರಿದ ನೀರಿನ ಮೇಲೆ ಓಡಾಡುತ್ತದೆ. ಕಾರ್ಖಾನೆ, ಗದ್ದೆ, ಊರಿನ ಚರಂಡಿ ಇವು ಒಂದು ರಾಷ್ಟ್ರದ ಸ್ವಂತ ನೆಲದಲ್ಲಿ ನಿಂತಿವೆ. ೧೯೬೭ರಲ್ಲಿ ಟಾರಿ ಕ್ಯಾನಿಯನ್ ಎಂಬ ಎಣ್ಣೆಯ ಹಡಗು ಇಂಗ್ಲೆಂಡಿನ ತೀರದ ಬಳಿ ಒಡೆದಾಗ ಲೋಕವೆಲ್ಲ ಬೆಚ್ಚಿಬಿದ್ದಿತು. ೧೯೭೨ರಲ್ಲಿ ಸುರಿಯುವಿಕೆಯನ್ನು ಕುರಿತ ಲಂಡನ್ ಒಡಂಬಡಿಕೆಯೂ, ೧೯೭೩ ಮತ್ತು ೧೯೭೮ರಲ್ಲಿ ಹಡಗುಗಳನ್ನು ಕುರಿತ ಮಾರ್ಪೋಲ್ ಒಡಂಬಡಿಕೆಯೂ ಹುಟ್ಟಿದವು. ಊರಿನ ಮೋರಿಯಿಂದ ಕಡಲಿಗಿಳಿಯುವ ಕೊಳಚೆಯು ಯಾವ ದಿವಸವೂ ಹಾಗೆ ಬೆಚ್ಚಿಸುವುದಿಲ್ಲ. ಅದು ದಿನದಿನವೂ ಸದ್ದಿಲ್ಲದೆ ಇಳಿಯುತ್ತದೆ. ಅದಕ್ಕೆ ಇದುವರೆಗೆ ದೊರೆತಿರುವುದು ೧೯೮೫ರ ಮಾಂಟ್ರಿಯಲ್ ಮಾರ್ಗದರ್ಶಿ ಸೂತ್ರಗಳು ಮತ್ತು ೧೯೯೫ರ ನವೆಂಬರಿನಲ್ಲಿ ವಾಷಿಂಗ್ಟನ್ ನಗರದಲ್ಲಿ ೧೦೮ ಸರ್ಕಾರಗಳು ಒಪ್ಪಿದ ಜಾಗತಿಕ ಕಾರ್ಯಯೋಜನೆ. ಈ ಯೋಜನೆಯು ಒಳಚರಂಡಿಯ ನೀರು, ಪೋಷಕಾಂಶಗಳು, ಭಾರಲೋಹಗಳು, ಕಸ ಮುಂತಾಗಿ ಒಂಬತ್ತು ಬಗೆಯ ಮಾಲಿನ್ಯಗಳನ್ನು ಕ್ರಮವಾಗಿ ವಿಂಗಡಿಸಿ ಉಪಕಾರಮಾಡಿದೆ. ಆದರೆ ಎರಡೂ ಸಲಹೆಗಳೇ ಹೊರತು ಬದ್ಧಗೊಳಿಸುವ ಶಾಸನಗಳಲ್ಲ. ಪ್ಲಾಸ್ಟಿಕ್ಕನ್ನು ಕುರಿತು ಬದ್ಧಗೊಳಿಸುವ ಒಡಂಬಡಿಕೆಯೊಂದನ್ನು ರಚಿಸಲು ೨೦೨೨ರ ಮಾರ್ಚಿಯಲ್ಲಿ ನೈರೋಬಿಯಲ್ಲಿ ನಿರ್ಣಯವಾದರೂ, ೨೦೨೪ರ ಕೊನೆಯಲ್ಲಿ ಬೂಸಾನಿನಲ್ಲಿಯೂ ೨೦೨೫ರ ಆಗಸ್ಟಿನಲ್ಲಿ ಜಿನೀವಾದಲ್ಲಿಯೂ ನಡೆದ ಸಭೆಗಳು ಒಪ್ಪಂದಕ್ಕೆ ಬಾರದೆ ಮುಗಿದವು.

ಇಷ್ಟರಿಂದ ೨೦೭ನೆಯ ವಿಧಿಯು ಬರಿಯ ಟೊಳ್ಳೆಂದು ತೀರ್ಮಾನಿಸುವುದು ಅವಸರದ ಮಾತಾಗುವುದು. ಅದರ ಪರವಾಗಿ ಮೂರು ಸಂಗತಿಗಳನ್ನು ಹೇಳಬಹುದು. ಮೊದಲನೆಯದು, ಅದು ನದಿಗಳನ್ನು ಹೆಸರಿಸಿಯೇ ಹೇಳಿದೆ. ಎರಡನೆಯದು, ಒಡಂಬಡಿಕೆಯ ಮೊದಲನೆಯ ವಿಧಿಯಲ್ಲಿ ಮಾಲಿನ್ಯದ ಲಕ್ಷಣವನ್ನು ಹೇಳುವಾಗ, ಮನುಷ್ಯನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸೇರಿಸಿದ ವಸ್ತುವಿನಿಂದ ಕೆಡುಕಾದರೆ ಮಾತ್ರವಲ್ಲ, ಆಗುವ ಸಂಭವವಿದ್ದರೂ ಸಾಕೆಂದು ಹೇಳಿದೆ. ಅಳಿವೆಯನ್ನೂ ಕಡಲಿನೊಳಗೆ ಸೇರಿಸಿದೆ. ಮೂರನೆಯದು, ೧೯೫ನೆಯ ವಿಧಿಯು ಕೆಡುಕನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದನ್ನೂ, ಒಂದು ಬಗೆಯ ಮಾಲಿನ್ಯವನ್ನು ಇನ್ನೊಂದು ಬಗೆಗೆ ಮಾರ್ಪಡಿಸುವುದನ್ನೂ ನಿಷೇಧಿಸಿದೆ. ಈ ಮೂರು ಮಾತುಗಳ ಬೆಲೆ ಎಷ್ಟೆಂಬುದು ಅವನ್ನು ಒಂದು ನಿಜವಾದ ನೀರಿನ ದಾರಿಯಲ್ಲಿ ಒರೆಗೆ ಹಚ್ಚಿದಾಗ ತಿಳಿಯುವುದು.

೩

ಹಲಸೂರು ಕೆರೆಯನ್ನು ಕಟ್ಟಿಸಿದ ಕೀರ್ತಿಯನ್ನು ಕೆಂಪೇಗೌಡರ ವಂಶಕ್ಕೆ ಸಲ್ಲಿಸುವುದು ರೂಢಿ. ಸುಮಾರು ೫೦ ಹೆಕ್ಟೇರಿನ ಈ ಕೆರೆಯ ದಂಡೆಯ ಆಸುಪಾಸಿನಲ್ಲಿಯೇ ೧೮೦೯ರಲ್ಲಿ ದಂಡುಪ್ರದೇಶವು ಬೆಳೆಯಲು ತೊಡಗಿತು. ೧೮೯೮ರ ಪ್ಲೇಗಿನ ನಂತರ ಆರೋಗ್ಯದ ದೃಷ್ಟಿಯಿಂದಲೇ ಫ್ರೇಜರ್ ಟೌನ್ ಎಂಬ ಬಡಾವಣೆಯನ್ನು ನಿರ್ಮಿಸಿದರು. ೧೯೨೭ರಲ್ಲಿ ಈಗಿನ ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಕಟ್ಟಡವೆದ್ದಿತು. ಬೀದಿಗಳು ಅಗಲವಾದವು, ಮನೆಗಳಿಗೆ ಗಾಳಿಬೆಳಕು ಬಂದಿತು, ಮೋರಿಗಳು ಕಟ್ಟಲ್ಪಟ್ಟವು. ಆದರೆ ನೆಲದ ಇಳಿಜಾರನ್ನು ಯಾವ ಯೋಜನೆಯೂ ಬದಲಿಸಲಿಲ್ಲ. ಶಿವಾಜಿನಗರದ ಕಡೆಯ ಕಾಲುವೆಯೂ ಟ್ಯಾನರಿ ರಸ್ತೆಯ ಕಡೆಯ ಕಾಲುವೆಯೂ ಹಿಂದೆ ಮಳೆಯ ನೀರನ್ನು ತಂದಂತೆಯೇ ಮುಂದೆ ಊರಿನ ಕೊಳೆಯನ್ನೂ ಹಲಸೂರಿನ ಕೆರೆಗೆ ತಂದವು. ೨೦೧೬ರ ಮಾರ್ಚಿಯಲ್ಲಿ ಒಂದು ಬೆಳಗ್ಗೆ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಕೊಳೆಯು ಹೆಚ್ಚಿ ಆಮ್ಲಜನಕವು ಕಡಮೆಯಾದಾಗ ಮೀನಿಗೆ ಉಸಿರಿಲ್ಲದಾಗುವುದು ವಿಜ್ಞಾನಕ್ಕೆ ಚೆನ್ನಾಗಿ ತಿಳಿದ ಸಂಗತಿ.

ಕೆರೆಯ ಕೋಡಿಯಿಂದ ಹೊರಬಿದ್ದ ನೀರು ಇಂದಿರಾನಗರ ದೊಮ್ಮಲೂರುಗಳ ಮಗ್ಗುಲಿನಲ್ಲಿ ಚಲ್ಲಘಟ್ಟದ ಕಣಿವೆಯನ್ನು ಹಿಡಿದು ಬೆಳ್ಳಂದೂರು ಕೆರೆಗೆ ಇಳಿಯುತ್ತದೆ. ಅಲ್ಲಿಂದ ವರ್ತೂರು ಕೆರೆ. ವರ್ತೂರಿನ ಕೋಡಿಯಿಂದ ದಕ್ಷಿಣ ಪಿನಾಕಿನಿ. ಕೃಷ್ಣರಾಜಪುರದ ಕಡೆಯ ನೀರಿಗೂ ಗತಿ ಇದೇ. ಹೆಬ್ಬಾಳ ಕಣಿವೆಯಿಂದ ಬಂದ ನೀರನ್ನು ಕೂಡಿಕೊಂಡು ಅದು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ಸೇರಿ, ಆ ಬಳಿಕ ಅದೇ ನದಿಯ ಪಾಲಾಗುತ್ತದೆ. ವೀಳ್ಯದೆಲೆಯ ವ್ಯಾಪಾರದಿಂದ ಗಳಿಸಿದ ಹಣವನ್ನು ಜನರ ದಾಹ ತೀರಿಸಲು ವ್ಯಯಮಾಡಿದ ಪುಣ್ಯಾತ್ಮನ ಹೆಸರು ಆ ಕೆರೆಗೆ ನಿಂತಿದೆ. ಹೀಗೆ ನಗರದ ಪೂರ್ವಭಾಗವೆಲ್ಲವೂ ಒಂದೇ ನದಿಗೆ ಬಾಗಿದ ನೆಲ. ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿದ ಈ ನದಿಯು ಹೊಸಕೋಟೆಯ ಮೇಲೆ ಹಾದು, ತಮಿಳುನಾಡನ್ನು ಹೊಕ್ಕು, ಹೊಸೂರಿನ ಬಳಿಯ ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಎಂಬ ಮೂರು ಅಣೆಕಟ್ಟುಗಳನ್ನು ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವುದು.

ಈ ದಾರಿಯಲ್ಲಿ ಬೆಳ್ಳಂದೂರು ಲೋಕಪ್ರಸಿದ್ಧವಾದುದು ಹೆಮ್ಮೆಯ ಕಾರಣದಿಂದಲ್ಲ. ೨೦೧೫ರ ಮೇ, ೨೦೧೭ರ ಫೆಬ್ರವರಿ, ೨೦೧೮ರ ಜನವರಿ ತಿಂಗಳುಗಳಲ್ಲಿ ಅದರ ಮೇಲೆ ಬೆಂಕಿ ಕಾಣಿಸಿಕೊಂಡಿತು. ನೀರಿನ ಮೇಲೆ ಬೆಂಕಿಯುರಿಯುವುದನ್ನು ಪುರಾಣಗಳು ಬಡಬಾಗ್ನಿಯೆಂದು ಕಡಲಿಗೆ ಹೇಳಿದ್ದುಂಟು, ಕೆರೆಗೆ ಹೇಳಿದ್ದಿಲ್ಲ. ಬೆಳ್ಳಂದೂರು ವರ್ತೂರುಗಳ ಕೋಡಿಯಲ್ಲಿ ಎದ್ದ ನೊರೆಯು ಗಾಳಿಗೆ ಹಾರಿ ರಸ್ತೆಯ ಮೇಲೆ ಬಿದ್ದಿತು. ಬಟ್ಟೆ ಒಗೆಯುವ ಪುಡಿಗಳ ಅಂಶವೂ ಅವುಗಳಲ್ಲಿರುವ ರಂಜಕವೂ ಚರಂಡಿಯ ಮೂಲಕ ಕೆರೆಗೆ ಸೇರಿ, ಹೂಳಿನಲ್ಲಿ ಸಂಗ್ರಹವಾಗಿ, ನೀರು ಎತ್ತರದಿಂದ ಧುಮುಕುವಾಗ ಕಡೆದಂತಾಗಿ ನೊರೆಯೇಳುವುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. ಗಡಿಯಾಚೆ ಕೆಲವರಪಳ್ಳಿಯ ಅಣೆಕಟ್ಟಿನ ಕೆಳಗೂ ಇಂತಹ ನೊರೆಯು ಅನೇಕ ವರ್ಷಗಳಲ್ಲಿ ಕಂಡುಬಂದಿದೆ.

ಈ ನೀರು ನಿಜವಾಗಿ ಕಡಲನ್ನು ಮುಟ್ಟುವುದೇ ಎಂದು ಸಂದೇಹಿಸುವವರುಂಟು. ಸಂದೇಹವು ನಿರಾಧಾರವಲ್ಲ. ವರ್ಷದ ಹೆಚ್ಚು ಕಾಲ ಮೂರು ಅಣೆಕಟ್ಟುಗಳೂ ಅವುಗಳ ಕಾಲುವೆಗಳೂ ನದಿಯನ್ನು ಹಿಡಿದು ನಿಲ್ಲಿಸುತ್ತವೆ; ಕೊಳೆಯ ಒಂದು ಭಾಗವು ದಾರಿಯಲ್ಲಿ ಕೊಳೆತು ಹೋಗುತ್ತದೆ, ಮತ್ತೊಂದು ಭಾಗವು ಹೂಳಾಗಿ ತಳದಲ್ಲಿ ಕೂರುತ್ತದೆ. ಆದರೆ ಅಣೆಕಟ್ಟು ಹಿಡಿದಿಟ್ಟದ್ದನ್ನು ಪ್ರವಾಹವು ಬಿಡಿಸುತ್ತದೆ. ೨೦೨೪ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಸಾತನೂರಿನಿಂದ ಭಾರಿ ನೀರನ್ನು ಬಿಡಬೇಕಾಗಿ ಬಂದು, ಕೆಳಗಿನ ವಿಳುಪ್ಪುರಂ ಕಡಲೂರು ಜಿಲ್ಲೆಗಳು ಮುಳುಗಿದವು. ಅಂತಹ ದಿವಸಗಳಲ್ಲಿ ನದಿಯು ಹಲವು ವರ್ಷಗಳ ಸಂಗ್ರಹವನ್ನು ಒಮ್ಮೆಗೇ ಕಡಲಿಗೆ ಒಪ್ಪಿಸಬಲ್ಲದು. ಕೊಳೆಯದ ಪ್ಲಾಸ್ಟಿಕ್ಕೂ ಕರಗದ ಲೋಹವೂ ಕಾಯುವುದಕ್ಕೆ ಬೇಸರಪಡುವುದಿಲ್ಲ.

೪

ಹೀಗಿರುವಲ್ಲಿ ೨೦೭ನೆಯ ವಿಧಿಯಲ್ಲಿರುವ ನದಿ ಎಂಬ ಪದಕ್ಕೆ ಎಷ್ಟು ಅರ್ಥ? ಕಡಲನ್ನು ಸೇರುವ ಬಾಯಿ ಮಾತ್ರವೇ, ಅಥವಾ ಹಲಸೂರಿನ ಕಾಲುವೆಯವರೆಗಿನ ಇಡೀ ಜಲಾನಯನ ಪ್ರದೇಶವೇ? ಒಡಂಬಡಿಕೆಯು ಇದಕ್ಕೆ ಉತ್ತರ ಹೇಳಿಲ್ಲ. ಬೇರೆ ಸಮುದ್ರಗಳ ಶಾಸನಗಳು ಈ ಪ್ರಶ್ನೆಯನ್ನು ಎದುರಿಸಿ ಬೆಳೆದ ಬಗೆ ಗಮನಾರ್ಹವಾಗಿದೆ.

ಮೆಡಿಟರೇನಿಯನ್ ಸಮುದ್ರದ ರಾಷ್ಟ್ರಗಳು ೧೯೭೬ರಲ್ಲಿ ಬಾರ್ಸೆಲೋನಾ ಒಡಂಬಡಿಕೆಯನ್ನೂ, ೧೯೮೦ರಲ್ಲಿ ಅಥೆನ್ಸಿನಲ್ಲಿ ನೆಲದ ಮೂಲಗಳನ್ನು ಕುರಿತ ಅನುಬಂಧ ಒಪ್ಪಂದವನ್ನೂ ಮಾಡಿಕೊಂಡವು. ಅಥೆನ್ಸಿನ ಒಪ್ಪಂದವು ನದಿಯಲ್ಲಿ ಸಿಹಿನೀರಿನ ಎಲ್ಲೆಯವರೆಗೆ ಮಾತ್ರ ಕೈಚಾಚಿತ್ತು. ೧೯೯೬ರಲ್ಲಿ ಸಿರಾಕ್ಯೂಸಿನಲ್ಲಿ ಅದನ್ನು ತಿದ್ದಿದಾಗ, ಆ ಸಮುದ್ರಕ್ಕೆ ನೀರು ಹರಿಸುವ ಇಡೀ ಜಲಾನಯನ ಪ್ರದೇಶವನ್ನು ಒಪ್ಪಂದದ ವ್ಯಾಪ್ತಿಗೆ ಸೇರಿಸಿದರು. ಆ ತಿದ್ದುಪಡಿಯು ೨೦೦೮ರಲ್ಲಿ ಜಾರಿಗೆ ಬಂದಿತು. ಬಾಲ್ಟಿಕ್ ಸಮುದ್ರವನ್ನು ಕುರಿತ ೧೯೯೨ರ ಹೆಲ್ಸಿಂಕಿ ಒಡಂಬಡಿಕೆಯೂ ಅಂತೆಯೇ ಜಲಾನಯನ ಪ್ರದೇಶದಲ್ಲಿ ಕ್ರಮಗಳನ್ನು ಕೈಕೊಳ್ಳತಕ್ಕದ್ದೆಂದು ವಿಧಿಸಿದೆ. ತೀರದಲ್ಲಿ ನಿಂತು ಕಾದರೆ ಕೊಳೆಯನ್ನು ತಡೆಯಲಾಗದೆಂಬ ಅರಿವು ಅನುಭವದಿಂದ ಬಂದುದೆಂದು ಈ ಬೆಳವಣಿಗೆಯಿಂದ ತಿಳಿಯಬಹುದು.

ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಈ ಐದು ರಾಷ್ಟ್ರಗಳಿಗೆ ೧೯೯೫ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಒಪ್ಪಿತವಾದ ದಕ್ಷಿಣ ಏಷ್ಯ ಸಮುದ್ರಗಳ ಕಾರ್ಯಯೋಜನೆಯುಂಟು. ಆದರೆ ಅದರ ಹಿಂದೆ ಬಾರ್ಸೆಲೋನಾದಂತಹ ಬದ್ಧಗೊಳಿಸುವ ಒಡಂಬಡಿಕೆ ಇಲ್ಲ. ನೆಲದ ಮೂಲಗಳನ್ನು ಕುರಿತ ಅನುಬಂಧ ಒಪ್ಪಂದವಂತೂ ಇಲ್ಲ. ನದಿಗಳ ಕಡೆಯಿಂದ ನೋಡಿದರೂ ಕೊರತೆಯು ತುಂಬುವುದಿಲ್ಲ. ಅಂತರರಾಷ್ಟ್ರೀಯ ನದಿಗಳನ್ನು ಕುರಿತ ೧೯೯೭ರ ವಿಶ್ವಸಂಸ್ಥೆಯ ಒಡಂಬಡಿಕೆಯು ತನ್ನ ೨೩ನೆಯ ವಿಧಿಯಲ್ಲಿ ನದಿಯ ರಾಷ್ಟ್ರಗಳು ಕಡಲನ್ನೂ ಅಳಿವೆಯನ್ನೂ ಕಾಪಾಡತಕ್ಕದ್ದೆಂದು ಹೇಳಿದೆ. ಆದರೆ ಭಾರತವು ಅದಕ್ಕೆ ಸೇರಿಲ್ಲ, ಮತ್ತು ಪಿನಾಕಿನಿಯು ಎರಡು ರಾಜ್ಯಗಳಲ್ಲಿ ಹರಿದರೂ ಒಂದೇ ರಾಷ್ಟ್ರದ ನದಿ.

ಆ ಎರಡು ರಾಜ್ಯಗಳ ನಡುವೆ ಹಳೆಯ ಒಪ್ಪಂದವೊಂದುಂಟು. ೧೮೯೨ರಲ್ಲಿ ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ ಮಾಡಿಕೊಂಡ ಆ ಒಪ್ಪಂದವು ಮೇಲಿನ ಸೀಮೆಯಲ್ಲಿ ಹೊಸ ನೀರಾವರಿ ಕೆಲಸಗಳನ್ನು ಕೈಗೊಳ್ಳುವ ವಿಷಯದಲ್ಲಿ ಕಟ್ಟುಗಳನ್ನು ಹಾಕಿತು. ೨೦೧೮ರಲ್ಲಿ ತಮಿಳುನಾಡು ಸರ್ಕಾರವು ಸುಪ್ರೀಂ ಕೋರ್ಟಿಗೆ ಹೋದುದೂ ಈ ನದಿಗೆ ಸೇರುವ ಮಾರ್ಕಂಡೇಯ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಯನ್ನು ಕುರಿತು. ನೀರು ಎಷ್ಟು ಬರಬೇಕೆಂಬ ವಾದವು ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದಿದೆ. ಎಂತಹ ನೀರು ಬರಬೇಕೆಂಬ ವಾದಕ್ಕೆ ಅದರಲ್ಲಿ ದೊರೆತ ಸ್ಥಾನ ಕಿರಿದು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಪೋರುಮಾಮಿಳ್ಳದ ಶಾಸನದಲ್ಲಿ ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿದ್ದಾರೆ. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದು ಆ ದೋಷಗಳಲ್ಲಿ ಒಂದು. ಗಡಿಯಲ್ಲಿರುವ ನೀರಿಗೆ ಹಕ್ಕುದಾರರು ಇಬ್ಬರು, ಹೊಣೆಗಾರನು ಒಬ್ಬನೂ ಇಲ್ಲವೆಂಬುದನ್ನು ಕಂಡವರ ಲೆಕ್ಕವೇ ಅದೆಂದು ತೋರುತ್ತದೆ. ೨೦೭ನೆಯ ವಿಧಿಯ ದೌರ್ಬಲ್ಯವನ್ನು ಇದಕ್ಕಿಂತ ಸಂಗ್ರಹವಾಗಿ ಹೇಳುವುದು ಕಷ್ಟ.

೫

ಅಂತರರಾಷ್ಟ್ರೀಯ ಶಾಸನವು ರಾಷ್ಟ್ರದ ಕಾನೂನಿಗೆ ಬಿಟ್ಟುದನ್ನು ಆ ಕಾನೂನು ಹೇಗೆ ನಿರ್ವಹಿಸಿದೆಯೆಂಬುದನ್ನು ಈಗ ನೋಡತಕ್ಕದ್ದು. ೧೯೭೪ರ ಜಲಮಾಲಿನ್ಯ ನಿವಾರಣಾ ಕಾಯಿದೆಯು ಹೊಳೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥವು ವಿಶಾಲವಾದುದು. ನದಿ, ಹರಿಯುವ ಅಥವಾ ಸದ್ಯಕ್ಕೆ ಬತ್ತಿರುವ ಜಲಮಾರ್ಗ, ನೈಸರ್ಗಿಕವಾದ ಅಥವಾ ಮನುಷ್ಯನು ಕಟ್ಟಿದ ಒಳನಾಡಿನ ಜಲಾಶಯ, ನೆಲದಡಿಯ ನೀರು, ರಾಜ್ಯ ಸರ್ಕಾರವು ಸೂಚಿಸಿದ ಮೇರೆಗೆ ಸಮುದ್ರದ ನೀರು, ಇವೆಲ್ಲವೂ ಅದರಲ್ಲಿ ಸೇರಿವೆ. ಅಂದರೆ ಬತ್ತಿದ ರಾಜಕಾಲುವೆಯಿಂದ ಕಡಲಿನವರೆಗೆ ಒಂದೇ ಸೂತ್ರದಲ್ಲಿ ಪೋಣಿಸಿದಂತಾಯಿತು. ಪದಾರ್ಥದ ದೃಷ್ಟಿಯಿಂದ ಈ ಕಾಯಿದೆಯು ೨೦೭ನೆಯ ವಿಧಿಗಿಂತ ಸ್ಪಷ್ಟವಾಗಿದೆಯೆಂದೇ ಹೇಳಬೇಕು.

ಆದರೆ ಅಳತೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ೧೯೮೬ರ ಪರಿಸರ ನಿಯಮಗಳ ಆರನೆಯ ಅನುಸೂಚಿಯ ಸಾಮಾನ್ಯ ಮಾನಗಳಲ್ಲಿ, ನೀರಿನಲ್ಲಿರುವ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವು, ಒಳನಾಡಿನ ನೀರಿಗೆ ಬಿಡುವಾಗ ಲೀಟರಿಗೆ ೩೦ ಮಿಲಿಗ್ರಾಮಿಗೆ ಮೀರಕೂಡದು. ಕರಾವಳಿಯ ಸಮುದ್ರಕ್ಕೆ ಬಿಡುವಾಗ ೧೦೦ರವರೆಗೆ ಇರಬಹುದು. ಸಮುದ್ರವು ಅಪಾರವಾದುದರಿಂದ ಕೊಳೆಯು ಅದರಲ್ಲಿ ಬೆರೆತು ತೆಳುವಾಗುವುದೆಂಬುದು ಇದಕ್ಕೆ ಯುಕ್ತಿಯಾಗಿರಬಹುದು. ಇದರಿಂದ ಎರಡು ಫಲಿತಾಂಶಗಳು ಹೊರಡುತ್ತವೆ. ಕಡಲನ್ನು ಕಾಣದ ಊರಿಗೆ ವಿಧಿಸಿರುವ ಮಾನವು ಕಡಲ ತೀರದ ಊರಿನ ಮಾನಕ್ಕಿಂತ ಬಿಗಿಯಾದುದು. ಆದುದರಿಂದ ಒಳನಾಡಿನ ಮಾನವನ್ನು ನಿಜವಾಗಿ ಪಾಲಿಸಿದ್ದರೆ ಕಡಲಿನ ರಕ್ಷಣೆಯು ಬಹುಮಟ್ಟಿಗೆ ತಾನಾಗಿಯೇ ಆಗುತ್ತಿತ್ತು. ಹಾಗಾಗದಿರುವುದಕ್ಕೆ ಕಾರಣವು ಕಾನೂನಿನ ಅಕ್ಷರದಲ್ಲಿಲ್ಲ, ಅದರ ಆಚರಣೆಯಲ್ಲಿದೆ. ಇನ್ನೊಂದು, ಈ ಅಳತೆಯು ಕೊಳೆಯುವ ವಸ್ತುವನ್ನು ಹಿಡಿಯುತ್ತದೆ, ನೊರೆಯೆಬ್ಬಿಸುವ ರಂಜಕವನ್ನಾಗಲಿ ಕೊಳೆಯದ ಪ್ಲಾಸ್ಟಿಕ್ಕನ್ನಾಗಲಿ ಹಿಡಿಯುವುದಿಲ್ಲ.

ಬೆಳ್ಳಂದೂರಿನ ವಿಷಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೭ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡು, ೨೦೧೮ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರಕ್ಕೆ ೫೦ ಕೋಟಿ ರೂಪಾಯಿಗಳನ್ನೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ೨೫ ಕೋಟಿ ರೂಪಾಯಿಗಳನ್ನೂ ದಂಡ ವಿಧಿಸಿತು. ಕೆರೆಗಳ ಕೆಲಸಕ್ಕಾಗಿ ೫೦೦ ಕೋಟಿ ರೂಪಾಯಿಗಳನ್ನು ಬೇರೆ ಖಾತೆಯಲ್ಲಿಡಬೇಕೆಂದು ಆಜ್ಞಾಪಿಸಿತು. ೨೧೩ನೆಯ ವಿಧಿಯ ಏಕಮಾತ್ರ ಕಾವಲುಗಾರನು ತನ್ನನ್ನೇ ವಿಚಾರಿಸಿಕೊಂಡ ಉದಾಹರಣೆಯಿದು. ಕಾವಲುಗಾರನೊಳಗೆ ಸ್ವತಂತ್ರವಾದ ನ್ಯಾಯಾಸನವಿದ್ದರೆ ಆ ವಿಧಿಯು ನಿಷ್ಫಲವಾಗಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

೧೯೫ನೆಯ ವಿಧಿಯ ಪರೀಕ್ಷೆಗೂ ಈ ಕಣಿವೆಯು ಒಂದು ಸಂದರ್ಭವನ್ನು ಒದಗಿಸಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ದಿನಕ್ಕೆ ೪೪೦ ದಶಲಕ್ಷ ಲೀಟರಿನಷ್ಟನ್ನು ಕೋಲಾರ ಜಿಲ್ಲೆಯ ಬತ್ತಿದ ಕೆರೆಗಳಿಗೆ ತುಂಬುವ ಯೋಜನೆಯು ೨೦೧೮ರಲ್ಲಿ ಆರಂಭವಾಯಿತು. ನೀರಿಲ್ಲದ ಸೀಮೆಗೆ ನೀರು ದೊರೆತುದು ಸಾಮಾನ್ಯ ಲಾಭವಲ್ಲ. ಪಿನಾಕಿನಿಗೆ ಇಳಿಯುವ ಕೊಳೆಯೂ ಅಷ್ಟರಮಟ್ಟಿಗೆ ಕಡಮೆಯಾಯಿತು. ಆದರೆ ಮೂರನೆಯ ಹಂತದ ಶುದ್ಧಿಯಿಲ್ಲದ ನೀರು ಕೆರೆಯ ತಳದಿಂದ ಬಾವಿಗಳಿಗೆ ಇಳಿದರೆ ಆಗುವ ಪರಿಣಾಮವೇನೆಂಬ ಪ್ರಶ್ನೆಯನ್ನು ಕೋಲಾರದ ರೈತರು ಎತ್ತಿದರು. ಹೈಕೋರ್ಟು ಸುಪ್ರೀಂ ಕೋರ್ಟುಗಳವರೆಗೆ ವಾದ ನಡೆಯಿತು. ಕಡಲನ್ನು ಉಳಿಸಿ ಬಾವಿಯನ್ನು ಕೆಡಿಸುವುದು ರಕ್ಷಣೆಯಲ್ಲವೆಂಬುದೇ ೧೯೫ನೆಯ ವಿಧಿಯ ತತ್ತ್ವ. ಹನ್ನೆರಡನೆಯ ಭಾಗದಲ್ಲಿ ಒಳನಾಡಿನ ಊರಿಗೆ ನೇರವಾಗಿ ಬುದ್ಧಿಹೇಳುವ ಮಾತು ಇದೊಂದೇ ಎಂದರೂ ಸಲ್ಲುವುದು.

೬

ಇಲ್ಲಿ ಎರಡು ಪೂರ್ವಪಕ್ಷಗಳನ್ನು ಪರಿಹರಿಸತಕ್ಕದ್ದಿದೆ. ಬಡ ರಾಷ್ಟ್ರಗಳು ಶ್ರೀಮಂತ ರಾಷ್ಟ್ರಗಳ ಅಳತೆಗೆ ಏರಲಾರವೆಂದೂ, ಆದುದರಿಂದಲೇ ವಿಧಿಯು ಆರ್ಥಿಕ ಶಕ್ತಿಯನ್ನು ಗಮನಿಸಿದುದು ನ್ಯಾಯವೆಂದೂ ಒಂದು ಪಕ್ಷ. ಈ ಮಾತಿನಲ್ಲಿ ಸತ್ಯವಿದೆ. ಒಳಚರಂಡಿಯನ್ನೇ ಕಾಣದ ಹಳ್ಳಿಗೂ ಶತಮಾನದಿಂದ ಚರಂಡಿಯಿರುವ ಪಟ್ಟಣಕ್ಕೂ ಒಂದೇ ಕೋಲು ಹಿಡಿಯುವುದು ಅನ್ಯಾಯ. ಆದರೆ ಈ ರಿಯಾಯಿತಿಯು ರಾಷ್ಟ್ರದ ಅಶಕ್ತಿಗೆ ಕೊಟ್ಟುದೇ ಹೊರತು ನಗರದ ಉಪೇಕ್ಷೆಗೆ ಕೊಟ್ಟುದ್ದಲ್ಲ. ದೇಶದ ಸಂಪತ್ತಿನಲ್ಲಿ ದೊಡ್ಡ ಪಾಲನ್ನು ಗಳಿಸುವ ನಗರವು ಬಡ ರಾಷ್ಟ್ರದ ಹೆಸರಿನಲ್ಲಿ ತನ್ನ ಕೆರೆಯನ್ನು ಕೆಡಿಸುವುದು ಆ ಖಂಡದ ಆಶಯಕ್ಕೆ ವಿರುದ್ಧ.

ಎರಡನೆಯ ಪಕ್ಷವು ಇನ್ನೂ ಗಟ್ಟಿಯಾದುದು. ಹಲಸೂರಿನ ಮೋರಿಯಿಂದ ಹೊರಟ ಒಂದು ಬಿಂದಿಗೆ ಕೊಳಚೆಯು ಕಡಲೂರಿನಲ್ಲಿ ಒಂದು ಮೀನನ್ನು ಕೊಂದಿತೆಂದು ಸಿದ್ಧಪಡಿಸುವವರಾರು? ದಾರಿಯಲ್ಲಿ ನೂರಾರು ಹಳ್ಳಿಗಳು, ಹೊಸೂರಿನ ಕಾರ್ಖಾನೆಗಳು, ಮೂರು ಅಣೆಕಟ್ಟುಗಳು ಇವೆ. ಕಾರ್ಯಕಾರಣ ಸಂಬಂಧವನ್ನು ತೋರಿಸಲಾಗದಿದ್ದರೆ ಅಂತರರಾಷ್ಟ್ರೀಯ ಹೊಣೆಯು ಎಲ್ಲಿಂದ ಬಂದೀತು? ಈ ಪ್ರಶ್ನೆಗೆ ಉತ್ತರವನ್ನು ೨೦೨೪ರ ಮೇ ೨೧ರಂದು ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಕೊಟ್ಟ ಸಲಹಾಭಿಪ್ರಾಯದಿಂದ ಪಡೆಯಬಹುದು. ಅಲ್ಲಿ ಪ್ರಶ್ನೆಯನ್ನು ಕೇಳಿದವು ಸಣ್ಣ ದ್ವೀಪರಾಷ್ಟ್ರಗಳು. ವಿಷಯವು ಹವೆಯನ್ನು ಬಿಸಿಮಾಡುವ ಅನಿಲಗಳು. ಅವೂ ಕಡಲಿನ ಮಾಲಿನ್ಯವೆಂದು ಮಂಡಳಿಯು ಹೇಳಿತು. ನೆಲದ ಮೂಲದಿಂದ ಬರುವಷ್ಟಕ್ಕೆ ೨೦೭ನೆಯ ವಿಧಿಯೂ ಅನ್ವಯಿಸುವುದೆಂದಿತು. ಇದಕ್ಕಿಂತ ಮುಖ್ಯವಾದುದು, ಮಾಲಿನ್ಯವನ್ನು ತಡೆಯುವ ಹೊಣೆಯು ಫಲವನ್ನು ಖಾತ್ರಿಪಡಿಸುವ ಹೊಣೆಯಲ್ಲ, ಯುಕ್ತವಾದ ಜಾಗರೂಕತೆಯಿಂದ ನಡೆದುಕೊಳ್ಳುವ ಹೊಣೆ ಎಂದು ಅದು ನಿರೂಪಿಸಿದುದು. ಅನಿಲಗಳ ವಿಷಯದಲ್ಲಿ ಆ ಜಾಗರೂಕತೆಯು ಬಿಗಿಯಾಗಿರಬೇಕೆಂದೂ ಹೇಳಿತು.

ಇದರ ಫಲವು ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಹೊಣೆಯು ನಡತೆಗೆ ಸಂಬಂಧಿಸಿದ್ದಾದರೆ, ಅದರ ಪರೀಕ್ಷೆಯು ಕಡಲಿನಲ್ಲಿ ನಡೆಯಬೇಕಾಗಿಲ್ಲ. ನಡತೆ ಎಲ್ಲಿದೆಯೋ ಅಲ್ಲಿಯೇ ನಡೆಯತಕ್ಕದ್ದು. ಬಿಂದಿಗೆಯ ನೀರು ಕಡಲೂರಿಗೆ ತಲಪಿತೇ ಎಂದು ಹುಡುಕುವುದಕ್ಕೆ ಬದಲಾಗಿ, ಹಲಸೂರಿನ ಒಳಹರಿವಿನಲ್ಲಿ ಕೊಳಚೆಯನ್ನು ತಡೆಯಲು ಕಾನೂನು ಇತ್ತೇ, ಅದನ್ನು ಜಾರಿಮಾಡಿದರೇ, ಕೋಡಿಯ ನೀರನ್ನು ಅಳೆದರೇ, ಅಳೆದುದನ್ನು ಪ್ರಕಟಿಸಿದರೇ ಎಂದು ಕೇಳಬಹುದು. ಮಾಲಿನ್ಯದ ಲಕ್ಷಣದಲ್ಲಿ ಸಂಭವವಿದ್ದರೂ ಸಾಕೆಂಬ ಮಾತು ಈ ಓದಿಗೆ ಬೆಂಬಲವಾಗಿ ನಿಲ್ಲುತ್ತದೆ. ಹಾಗಾದರೆ ೨೦೭ನೆಯ ವಿಧಿಯ ದೊಡ್ಡ ದೋಷವೆಂದು ಕಂಡುದು, ಅಂದರೆ ಎಲ್ಲವನ್ನೂ ಮೂಲದ ರಾಷ್ಟ್ರಕ್ಕೆ ಬಿಟ್ಟುದು, ಬೇರೊಂದು ಬೆಳಕಿನಲ್ಲಿ ಗುಣವಾಗಿಯೂ ತೋರಬಲ್ಲದು. ಮೂಲಕ್ಕೆ ಬಿಟ್ಟ ಹೊಣೆಯ ಲೆಕ್ಕವನ್ನು ಮೂಲದಲ್ಲಿಯೇ ಕೇಳಬಹುದು.

ಆದರೂ ವಿಮರ್ಶೆಯು ಅತಿಯಾದ ಆಶಾವಾದಕ್ಕೆ ಎಡೆಗೊಡಕೂಡದು. ಸಲಹಾಭಿಪ್ರಾಯವು ತೀರ್ಪಿನಂತೆ ಬದ್ಧಗೊಳಿಸುವುದಿಲ್ಲ. ಲೆಕ್ಕ ಕೇಳುವ ಅಧಿಕಾರವುಳ್ಳ ಪ್ರಾಂತೀಯ ಒಡಂಬಡಿಕೆಯು ದಕ್ಷಿಣ ಏಷ್ಯಕ್ಕೆ ಇಲ್ಲ. ಕನಿಷ್ಠ ಮಟ್ಟವಿಲ್ಲದ ವಿಧಿಯಲ್ಲಿ ಜಾಗರೂಕತೆ ಎಷ್ಟಿದ್ದರೆ ಸಾಕೆಂಬುದಕ್ಕೆ ನಿಶ್ಚಿತವಾದ ಅಳತೆಯಿಲ್ಲ. ಸಿರಾಕ್ಯೂಸಿನ ಮಾದರಿಯಲ್ಲಿ ಇಡೀ ಜಲಾನಯನ ಪ್ರದೇಶವನ್ನು ಹೆಸರಿಸುವ ಅನುಬಂಧ ಒಪ್ಪಂದವೊಂದು ಬಂಗಾಳ ಕೊಲ್ಲಿಗೂ ಅರಬ್ಬೀ ಸಮುದ್ರಕ್ಕೂ ಬೇಕಾಗಿದೆ. ಅದು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದುಂಟು. ಪ್ರತಿಯೊಂದು ಕೆರೆಯ ಕೋಡಿಯಲ್ಲಿಯೂ ಹೊರಬೀಳುವ ನೀರಿನ ಪ್ರಮಾಣದೊಡನೆ ಗುಣವನ್ನೂ ಅಳೆದು, ಕೆಳಗಿನ ಊರಿಗೂ ಕೆಳಗಿನ ರಾಜ್ಯಕ್ಕೂ ತಿಳಿಸುವ ಕ್ರಮವನ್ನು ಈಗಿರುವ ೧೯೭೪ರ ಕಾಯಿದೆಯೇ ತಡೆಯುವುದಿಲ್ಲ.

ಹಿಂದಿನ ಕೆರೆಯ ವ್ಯವಸ್ಥೆಯಲ್ಲಿ ನೀರುಗಂಟಿಯು ತೂಬನ್ನು ತೆರೆಯುವಾಗ ತನ್ನ ಊರಿನ ಗದ್ದೆಯನ್ನು ಮಾತ್ರ ನೋಡಿದರೆ ಸಾಲುತ್ತಿರಲಿಲ್ಲ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಬಾಯಿ ಎಂಬುದು ಸರಪಳಿಯ ಕೆರೆಗಳಲ್ಲಿ ಎಲ್ಲರಿಗೂ ತಿಳಿದ ನಿಯಮ. ಮಾಂಟೆಗೊ ಬೇಯಲ್ಲಿ ಕೂಡಿದ ರಾಷ್ಟ್ರಗಳು ನದಿ ಎಂದು ಬರೆದಾಗ ಹೇಳಹೊರಟುದೂ ಈ ನಿಯಮವನ್ನೇ; ಅದನ್ನು ಹೇಳಿದ ಕ್ರಿಯಾಪದ ಮಾತ್ರ ದುರ್ಬಲವಾಯಿತು. ಹಲಸೂರಿನ ಕೋಡಿಯಿಂದ ಇಳಿದ ನೀರಿಗೆ ಕೊನೆಯ ಕೆರೆ ಬಂಗಾಳ ಕೊಲ್ಲಿ. ಅದಕ್ಕೆ ಕೋಡಿಯಿಲ್ಲ.